ಗೃಹಚಿಂತನ: ತೊಟ್ಟಿಲು ಕಟ್ಟುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು ಮೂರನೆಯದೊಂದನ್ನು ಹೇಳದೆ ಬಿಟ್ಟರು. ಮನೆ ಕಟ್ಟುವಾಗ ಮೇಸ್ತ್ರಿ ಇರುತ್ತಾನೆ. ಮದುವೆ ಮಾಡುವಾಗ ಪುರೋಹಿತರಿಂದ ಹಿಡಿದು ನೆಂಟರಿಷ್ಟರವರೆಗೆ ಸಲಹೆ ಕೊಡಲು ಊರೇ ನೆರೆಯುತ್ತದೆ. ಆದರೆ ಇಬ್ಬರು ಎಳೆಯರು ತಂದೆತಾಯಿಗಳಾಗುವ ಗಳಿಗೆಯಲ್ಲಿ, ಅದೇನೋ ತಾನಾಗಿ ಬರುವ ವಿದ್ಯೆಯೆಂಬಂತೆ ಎಲ್ಲರೂ ಸುಮ್ಮನಿರುತ್ತಾರೆ. ಕುಬುಸದ ಸೀರೆ ಯಾವ ಬಣ್ಣದ್ದಿರಬೇಕೆಂದು ಎರಡು ವಾರ ಚರ್ಚೆ ನಡೆಯುವ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡರೆ ಯಾವ ಆಸ್ಪತ್ರೆಗೆ ಯಾವ ವಾಹನದಲ್ಲಿ ಹೋಗತಕ್ಕದ್ದು ಎಂಬ ಪ್ರಶ್ನೆಗೆ ಎರಡು ನಿಮಿಷವೂ ಸಲ್ಲುವುದಿಲ್ಲ. ಈ ತಿಂಗಳು ಅದೇ ಮಾತನ್ನು ಕುಳಿತು ಆಡೋಣ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಬೇರೆಡೆ ಇಲ್ಲದ ಒಂದು ತೊಡಕೂ ಉಂಟು. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ಕೊಡಂಗಲ್ ಗುಲ್ಬರ್ಗ ಜಿಲ್ಲೆಯದಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ಗೆರೆ ಸರಿಯಿತು, ನೆಂಟಸ್ತನ ಸರಿಯಲಿಲ್ಲ. ಯಾದಗಿರಿ ಜಿಲ್ಲೆಯ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ "ನಾರಾಯಣಪೇಟ ರೋಡ್" ಎಂಬ ಹೆಸರಿದ್ದುದು ಹಿರಿಯರಿಗೆ ನೆನಪಿರಬಹುದು. ಇಂದಿಗೂ ರಾಯಚೂರು, ಯಾದಗಿರಿ, ಸೇಡಂ ಕಡೆಯ ಹೆಣ್ಣುಮಕ್ಕಳು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಿಗೆ ಸೊಸೆಯಂದಿರಾಗಿ ಬರುತ್ತಾರೆ. ಇಲ್ಲಿಯ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಎರಡೂ ದಡದ ರೂಢಿ. ಹೀಗಾಗಿ ಒಂದೇ ಬಸಿರು ಎರಡು ಮನೆಗಳಿಗೆ ಮಾತ್ರವಲ್ಲ, ಎರಡು ರಾಜ್ಯಗಳಿಗೂ ಸೇರುತ್ತದೆ. ಮೊದಲ ಏಳು ತಿಂಗಳು ಒಂದು ಸರಕಾರದ ಲೆಕ್ಕದಲ್ಲಿ, ಕೊನೆಯ ಎರಡು ತಿಂಗಳು ಮತ್ತೊಂದರ ಲೆಕ್ಕದಲ್ಲಿ. ಈ ನಡುವಿನ ಹೊಳೆಯಲ್ಲಿ ಕೈಜಾರಿ ಹೋಗುವ ಸಂಗತಿಗಳು ಸಣ್ಣವಲ್ಲ.

ಚೀಟಿ ಯಾರ ಕೈಯಲ್ಲಿರಬೇಕು?

ರಾಯಚೂರು ಕಡೆಯ ಹುಡುಗಿಯೊಬ್ಬಳು ಮಕ್ತಲ್‌ನ ಸೊಸೆ ಎಂದು ಇಟ್ಟುಕೊಳ್ಳೋಣ. ಏಳು ತಿಂಗಳು ಅವಳ ರಕ್ತ ಪರೀಕ್ಷೆ, ರಕ್ತದೊತ್ತಡ, ಚುಚ್ಚುಮದ್ದು ಎಲ್ಲವೂ ಮಕ್ತಲ್‌ನಲ್ಲಿ ಆದವು. ಚೀಟಿಯಲ್ಲಿ ತೆಲುಗಿನಲ್ಲಿ ದಾಖಲಾದವು. ಕುಬುಸ ಮುಗಿಸಿಕೊಂಡು ತವರಿಗೆ ಹೊರಟಳು. ಪೆಟ್ಟಿಗೆಯಲ್ಲಿ ಸೀರೆ, ಬಳೆ, ಉಡಿಯ ಅಕ್ಕಿ ಎಲ್ಲವೂ ಇವೆ. ಚೀಟಿ ಮಾತ್ರ ಗಂಡನ ಮನೆಯ ಗೂಡಿನಲ್ಲಿ ಉಳಿಯಿತು. ತವರಿನ ದಾದಿಯ ಪಾಲಿಗೆ ಆ ಹುಡುಗಿ ಆ ದಿನವೇ ಗರ್ಭಿಣಿಯಾದವಳಂತೆ. ಏಳು ತಿಂಗಳ ಎಚ್ಚರವೆಲ್ಲ ವ್ಯರ್ಥ.

ಆದುದರಿಂದ ಮೊದಲ ಸಿದ್ಧತೆ ಇದು. ಬಸುರಿಯ ತಪಾಸಣೆಯ ಚೀಟಿ, ಸ್ಕ್ಯಾನ್ ವರದಿ, ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಸಕ್ಕರೆಯ ಪರೀಕ್ಷೆ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ ದಿನ, ಹೆರಿಗೆಯ ಅಂದಾಜು ತಾರೀಕು ಇವೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಚೀಲ ಬಸುರಿಯ ಕೈಯಲ್ಲಿರಲಿ. ಗಂಡನಲ್ಲೂ ಅಲ್ಲ, ಅತ್ತೆಯಲ್ಲೂ ಅಲ್ಲ. ಔಷಧಿಯ ಹೆಸರು ಮತ್ತು ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡಿರೆಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ತೆಲುಗು ಓದಬಾರದ ದಾದಿಗೂ ಕನ್ನಡ ಓದಬಾರದ ದಾದಿಗೂ ಅಂಕಿ ಒಂದೇ. ಎಲ್ಲದರ ಒಂದೊಂದು ಚಿತ್ರ ಮೊಬೈಲಿನಲ್ಲಿ ಇದ್ದರೆ ಇನ್ನೂ ಉತ್ತಮ.

ಬಸಿರಿನಲ್ಲಿ ಕಡಿಮೆಯೆಂದರೂ ನಾಲ್ಕು ಬಾರಿ ತಪಾಸಣೆ ಆಗತಕ್ಕದ್ದು. ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ನಡೆಯುವ ಕ್ರಮ 2016ರಲ್ಲಿ ದೇಶದಾದ್ಯಂತ ಆರಂಭವಾಯಿತು. ಹೊಳೆಯ ಈಚೆಗೂ ಆಚೆಗೂ ತಾರೀಕು ಅದೇ. ಎರಡು ಮನೆಗಳ ನಡುವೆ ಓಡಾಡುವವರಿಗೆ ಇಂತಹ ಒಂದು ಗೊತ್ತಾದ ದಿನ ದೊಡ್ಡ ಅನುಕೂಲ.

ರಕ್ತಹೀನತೆಯ ಬಗ್ಗೆ ಒಂದು ಮಾತು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 52.2 ಮಂದಿ, ಈ ಸ್ಥಿತಿಯಲ್ಲಿದ್ದರು. 2022ರ ಡಿಸೆಂಬರಿನಲ್ಲಿ ತೆಲಂಗಾಣ ಸರಕಾರ ರಕ್ತಹೀನತೆ ಹೆಚ್ಚಿರುವ ಒಂಬತ್ತು ಜಿಲ್ಲೆಗಳನ್ನು ಆರಿಸಿ ಗರ್ಭಿಣಿಯರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಡತೊಡಗಿದಾಗ, ಆ ಒಂಬತ್ತರಲ್ಲಿ ನಮ್ಮ ಜೋಗುಳಾಂಬ ಗದ್ವಾಲವೂ ಒಂದಾಗಿತ್ತು. ಇದು ಹೆಮ್ಮೆಪಡುವ ಪಟ್ಟಿಯಲ್ಲ. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಹುದು. ಕಬ್ಬಿಣಾಂಶದ ಗುಳಿಗೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗತಕ್ಕದ್ದು. "ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ" ಎಂಬ ಮಾತಿಗೆ ಆಧಾರವಿಲ್ಲ. ಮಲ ಕಪ್ಪಾಗುತ್ತದೆ, ಅಷ್ಟೆ. ಗುಳಿಗೆಯ ಜೊತೆಗೆ ಚಹಾ ಬೇಡ. ನಿಂಬೆಹಣ್ಣಿನ ಪಾನಕವಿದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ.

ಗದ್ವಾಲದ ಸುತ್ತಲಿನ ಹತ್ತಿಬೀಜದ ಹೊಲಗಳಲ್ಲಿ ದುಡಿಯುವ ಬಸುರಿಯರು ಇನ್ನೊಂದು ಎಚ್ಚರ ವಹಿಸಬೇಕು. ಕೀಟನಾಶಕ ಹೊಡೆದ ಹೊಲದಲ್ಲಿ ಈ ತಿಂಗಳುಗಳಲ್ಲಿ ಕೆಲಸ ಬೇಡ. ಹೊಡೆದವನ ಬಟ್ಟೆಯನ್ನು ಬಸುರಿಯ ಕೈಯಲ್ಲಿ ಒಗೆಸಲೂ ಬಾರದು.

ತವರೋ, ಅತ್ತೆಮನೆಯೋ?

ತವರಿನಲ್ಲಿ ಹೆರಬೇಕೆಂಬ ರೂಢಿಯ ಹಿಂದೆ ಆಳವಾದ ಅರ್ಥವಿದೆ. ಹೆತ್ತ ತಾಯಿಯ ಎದುರಿಗೆ ಹುಡುಗಿ ಅಳಬಲ್ಲಳು, ಮಲಗಬಲ್ಲಳು, "ನನಗೆ ಆಗುವುದಿಲ್ಲ" ಎನ್ನಬಲ್ಲಳು. ಇದನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಆದರೆ ಬಾಣಂತನ ಎಲ್ಲಿ ಎಂಬ ಪ್ರಶ್ನೆಯನ್ನೂ ಹೆರಿಗೆ ಎಲ್ಲಿ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳಬೇಕಾದ ಕಾಲ ಬಂದಿದೆ. ತವರು ಆಸ್ಪತ್ರೆಯಿಂದ ಎರಡು ಗಂಟೆಯ ಹಾದಿಯಲ್ಲಿದ್ದು, ಅತ್ತೆಮನೆ ಹತ್ತು ನಿಮಿಷದ ಹಾದಿಯಲ್ಲಿದ್ದರೆ, ಹೆರಿಗೆ ಇಲ್ಲಿ ಆಗಿ ಬಾಣಂತನ ಅಲ್ಲಿ ಆದರೆ ಯಾವ ಶಾಸ್ತ್ರಕ್ಕೂ ಕುಂದಿಲ್ಲ. ಹೆತ್ತ ತಾಯಿಯೇ ಒಂದು ತಿಂಗಳು ಮಗಳ ಮನೆಗೆ ಬಂದು ಇರುವುದೂ ಸಾಧ್ಯ. ಬೀಗಿತ್ತಿಯರ ಸ್ವಾಭಿಮಾನಕ್ಕಿಂತ ಒಂದು ಜೀವ ದೊಡ್ಡದು.

2018-20ರ ಲೆಕ್ಕದಂತೆ, ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97 ತಾಯಂದಿರು ಸಾಯುತ್ತಿದ್ದರು. ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43. ಇದನ್ನು ಉದಾಹರಿಸುವುದು ಒಂದು ರಾಜ್ಯವನ್ನು ಹೊಗಳಲಿಕ್ಕಲ್ಲ, ಇನ್ನೊಂದನ್ನು ಹಳಿಯಲಿಕ್ಕಲ್ಲ. ತವರಿನ ಮಮತೆ ಒಂದು, ತವರೂರಿನ ಸೌಕರ್ಯ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬುದಷ್ಟೇ ಹೇಳಬೇಕಾದ ಮಾತು. ಅವಳಿ ಮಕ್ಕಳು, ರಕ್ತದೊತ್ತಡ, ಹಿಂದಿನ ಶಸ್ತ್ರಚಿಕಿತ್ಸೆ, ನಡುವೆ ರಕ್ತಸ್ರಾವ ಇಂತಹ ಯಾವುದಾದರೊಂದು ಇದ್ದರೆ, ಪ್ರಯಾಣದ ತೀರ್ಮಾನ ವೈದ್ಯರದೇ ಹೊರತು ಪಂಚಾಂಗದ್ದಲ್ಲ.

ಪ್ರಯಾಣವೇನೋ ಈಗ ಸುಲಭವಾಗಿದೆ. ಗದ್ವಾಲ-ರಾಯಚೂರು ರೈಲು 2013ರಲ್ಲಿ ಬಂತು. 2023ರ ಅಕ್ಟೋಬರ್ 1ರಂದು ಜಕ್ಲೇರ್-ಕೃಷ್ಣಾ ಹೊಸ ಮಾರ್ಗ ತೆರೆದು, ಮಕ್ತಲ್‌ನ ಮೇಲಿಂದ ರಾಯಚೂರಿಗೆ ರೈಲು ಹತ್ತುವ ಅನುಕೂಲವಾಯಿತು. ಆದರೆ ನೋವು ಕಾಣಿಸಿಕೊಂಡ ಮೇಲೆ ರೈಲನ್ನು ನಂಬಲಾಗದು. ತುರ್ತು ವಾಹನಕ್ಕೆ ಎರಡೂ ರಾಜ್ಯಗಳಲ್ಲಿ 108 ಸಂಖ್ಯೆಯೇ. ಕರೆಮಾಡಿದಾಗ ಊರಿನ ಹೆಸರಷ್ಟೇ ಸಾಲದು. ರಾಜ್ಯ, ಜಿಲ್ಲೆ ಎರಡನ್ನೂ ಮೊದಲು ಹೇಳಬೇಕು. ತವರಿನಲ್ಲಿ "ತಾಲೂಕು", ಅತ್ತೆಮನೆಯಲ್ಲಿ "ಮಂಡಲ" ಎಂಬುದನ್ನು ಗಾಬರಿಯ ಗಳಿಗೆಯಲ್ಲಿ ಮರೆಯದಂತೆ, ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿಡುವುದು ಲೇಸು.

ಮುಹೂರ್ತದ ಮಗು

ಮೇಲಿನ ಸಮೀಕ್ಷೆಯಲ್ಲೇ ಇನ್ನೊಂದು ಅಂಕಿ ಇದೆ. ಹೊಟ್ಟೆ ಕೊಯ್ದು ಮಾಡಿಸುವ ಹೆರಿಗೆ ಇಡೀ ದೇಶದಲ್ಲಿ ಶೇಕಡಾ 21.5; ಕರ್ನಾಟಕದಲ್ಲಿ 31.5, ತೆಲಂಗಾಣದಲ್ಲಿ 60.7. ಇದು ದೇಶದಲ್ಲೇ ಅತ್ಯಂತ ಹೆಚ್ಚಿನ ಪ್ರಮಾಣ. ಜನಸಮುದಾಯದಲ್ಲಿ ಈ ಶಸ್ತ್ರಚಿಕಿತ್ಸೆ ಶೇಕಡಾ 10ನ್ನು ಮೀರಿದ ಮೇಲೆ ಅದರಿಂದ ತಾಯಿ-ಶಿಶುಗಳ ಮರಣ ಇನ್ನಷ್ಟು ತಗ್ಗುವುದು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೇಕಾದಾಗ ಆಗುವ ಶಸ್ತ್ರಚಿಕಿತ್ಸೆ ಜೀವದಾನ. ಅದರಲ್ಲಿ ಎರಡು ಮಾತಿಲ್ಲ. ಬೇಡವಾದಾಗ ಆದರೆ ಅದು ವೃಥಾ ಗಾಯ, ಮುಂದಿನ ಬಸಿರಿಗೆ ಒಂದು ತೊಡಕು.

ಇದರಲ್ಲಿ ಆಸ್ಪತ್ರೆಗಳ ಪಾಲೆಷ್ಟು ಎಂಬುದು ಬೇರೆ ಚರ್ಚೆ. ನಮ್ಮ ಪಾಲನ್ನು ನಾವು ನೋಡಿಕೊಳ್ಳೋಣ. ತಿಥಿ, ನಕ್ಷತ್ರ ನೋಡಿ, "ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ತೆಗೆಯಿರಿ" ಎಂದು ಕೇಳುವ ಕುಟುಂಬಗಳು ನಮ್ಮ ನಡುವೆಯೂ ಹೆಚ್ಚುತ್ತಿವೆ. ಮಗುವಿನ ಶ್ವಾಸಕೋಶ ಕೊನೆಯ ವಾರಗಳಲ್ಲಿ ಪಕ್ವವಾಗುತ್ತದೆ. 39 ವಾರ ತುಂಬುವ ಮೊದಲೇ ಕಾರಣವಿಲ್ಲದೆ ಹೊರತೆಗೆದರೆ ಉಸಿರಾಟದ ತೊಂದರೆ ಹೆಚ್ಚು. ಹಣ್ಣು ಮಾಗುವ ಮೊದಲೇ ಕಿತ್ತು ಶುಭಮುಹೂರ್ತದಲ್ಲಿ ಕಿತ್ತೆವೆಂದರೆ ಹಣ್ಣಿಗೆ ರುಚಿ ಬರುವುದುಂಟೆ? ಹುಟ್ಟಿದ ಗಳಿಗೆಯಿಂದ ಜಾತಕ ಬರೆಯುವುದು ಹಿರಿಯರ ಪದ್ಧತಿ. ಜಾತಕ ಬರೆದು ಗಳಿಗೆಯನ್ನು ಹುಟ್ಟಿಸುವುದು ಯಾರ ಪದ್ಧತಿಯೂ ಅಲ್ಲ. ಅಂತೆಯೇ, ಸ್ಕ್ಯಾನ್ ಮಾಡಿದವರನ್ನು "ಗಂಡೋ ಹೆಣ್ಣೋ" ಎಂದು ಕೇಳುವುದು 1994ರ ಕಾಯಿದೆಯಂತೆ ಅಪರಾಧ ಎಂಬುದೂ ನೆನಪಿರಲಿ.

ಬಾಣಂತನ: ಉಳಿಸಬೇಕಾದುದು, ಬಿಡಬೇಕಾದುದು

ನಮ್ಮ ಅಜ್ಜಿಯರ ಬಾಣಂತನವನ್ನು ಸಾರಾಸಗಟಾಗಿ ಅಲ್ಲಗಳೆಯುವವರು ಇದ್ದಾರೆ. ಒಂದಕ್ಷರವನ್ನೂ ಬದಲಿಸಬಾರದೆನ್ನುವವರೂ ಇದ್ದಾರೆ. ಜೋಳವನ್ನು ಮೊರದಲ್ಲಿ ಕೇರುವ ಹಾಗೆ ಇದನ್ನೂ ಕೇರಬೇಕು.

ಉಳಿಸಬೇಕಾದುದು ಬಹಳವಿದೆ. ತಾಯಿಗೆ ನಲವತ್ತು ದಿನ ಮನೆಗೆಲಸದಿಂದ ಬಿಡುವು. ಎಣ್ಣೆಯ ಹದವಾದ ಮಾಲೀಸು, ಬಿಸಿನೀರಿನ ಸ್ನಾನ. ಅಂಟಿನುಂಡೆ, ಉತ್ತತ್ತಿ, ಕೊಬ್ಬರಿ, ಅಳವಿಯ ಪಾಯಸ, ಸಬ್ಬಸಿಗೆ ಪಲ್ಯ, ತುಪ್ಪ ಹಾಕಿದ ಬಿಸಿ ರೊಟ್ಟಿ. ಮೊಲೆಯೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಇಂದಿನ ಪೋಷಣಶಾಸ್ತ್ರ ಹೇಳುತ್ತದೆ. ಅಂಟಿನುಂಡೆಯನ್ನು ಕಟ್ಟಿದ ಅಜ್ಜಿಗೆ ಕ್ಯಾಲರಿ ಎಂಬ ಶಬ್ದ ಗೊತ್ತಿರಲಿಲ್ಲ, ಆದರೆ ಲೆಕ್ಕ ಗೊತ್ತಿತ್ತು. ಹಳೆಯ ನಾರಾಯಣಪೇಟೆ ನೂಲಿನ ಸೀರೆ ಒಗೆದು ಒಗೆದು ಮೃದುವಾದುದು. ಅದರಿಂದ ಹೊಲಿದ ಕೌದಿ, ಕುಂಚಿಗೆ, ಲಂಗೋಟಿಗಳಿಗಿಂತ ಎಳೆಯ ಚರ್ಮಕ್ಕೆ ಹಿತವಾದುದನ್ನು ಯಾವ ಅಂಗಡಿಯೂ ಮಾರಲಾರದು. ಮಗು ಬರುವ ಮುನ್ನ ಅವನ್ನು ಒಗೆದು, ಬಿಸಿಲಿಗೆ ಒಣಗಿಸಿ ಇಡುವುದೇ ಒಂದು ಒಳ್ಳೆಯ ಸಿದ್ಧತೆ.

ಇನ್ನು ತೂರಬೇಕಾದ ಹೊಟ್ಟು. ಬಾಣಂತಿಗೆ ನೀರು ಕೊಡಬಾರದೆಂಬುದು ಮೊದಲನೆಯದು. ಹಾಲು ಆಗುವುದು ನೀರಿನಿಂದಲೇ. ಬಾಯಾರಿದಷ್ಟು ಸಾರಿ, ಅದಕ್ಕಿಂತ ಒಂದು ಲೋಟ ಹೆಚ್ಚಾಗಿ ಕುದಿಸಿ ಆರಿಸಿದ ನೀರು ಕುಡಿಯಲಿ. ಬೇಳೆ, ಸೊಪ್ಪು, ಹಣ್ಣು ನಂಜೆಂದು ಕೇವಲ ಅನ್ನ-ಸಾರಿನಲ್ಲಿ ದಿನ ದೂಡಿಸುವುದು ಎರಡನೆಯದು. ಹೊರಸಿನ ಕೆಳಗೆ ಕೆಂಡವಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಸಾಮ್ರಾಣಿಯ ಹೊಗೆ ತುಂಬುವುದು ಮೂರನೆಯದು. ಇದು ಎಲ್ಲಕ್ಕಿಂತ ಅಪಾಯಕರ. ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳದಿರಬಹುದು. 40 ಡಿಗ್ರಿ ದಾಟುವ ನಮ್ಮ ವೈಶಾಖದ ಬಿಸಿಲಿನಲ್ಲಂತೂ ಬಾಣಂತಿಗೆ ಬೇಕಾದುದು ಕೆಂಡವಲ್ಲ, ಗಾಳಿ.

ಮಗುವಿನ ವಿಷಯದಲ್ಲಿ ನಿಯಮ ಇನ್ನೂ ಸರಳ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊಲೆ. ಮೊದಲ ದಿನಗಳ ಹಳದಿಯ ದಪ್ಪ ಹಾಲು ಚೆಲ್ಲುವಂಥದಲ್ಲ. ರೋಗವನ್ನು ತಡೆಯುವ ಅದರ ಗುಣಕ್ಕೆ ಸಮನಾದುದು ಬೇರೊಂದಿಲ್ಲ. 2019-21ರಲ್ಲಿ ದೇಶದ ಮಕ್ಕಳಲ್ಲಿ ಒಂದು ಗಂಟೆಯೊಳಗೆ ಮೊಲೆ ಕಂಡವರು ಶೇಕಡಾ 41.8 ಮಾತ್ರ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ: ಜೇನಲ್ಲ, ಸಕ್ಕರೆ ನೀರಲ್ಲ, ಹರಳೆಣ್ಣೆಯಲ್ಲ, ತೇಯ್ದ ಬಜೆಯಲ್ಲ. ಬೇಸಗೆಯಲ್ಲೂ ನೀರು ಬೇಡ. ತಾಯಿಯ ಹಾಲಿನಲ್ಲಿ ಬೇಕಾದ ನೀರಿದೆ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಕುಡಿದು, ಮೊದಲ ವಾರ ಕಳೆದ ಮೇಲೆ ಆರು ಬಾರಿಗೆ ಕಡಿಮೆಯಿಲ್ಲದಂತೆ ಮೂತ್ರ ಮಾಡುವ ಮಗುವಿಗೆ ಹಾಲು ಸಾಕಾಗುತ್ತಿದೆ ಎಂದರ್ಥ. ಹೊಕ್ಕುಳಿಗೆ ಬೂದಿ, ಅರಿಶಿನ ಏನನ್ನೂ ಹಚ್ಚದೆ ಒಣಗಲು ಬಿಡಬೇಕು. ಮೊದಲ ಸ್ನಾನ 24 ಗಂಟೆ ಕಳೆದ ಮೇಲೆ. ಕಿವಿ, ಮೂಗಿಗೆ ಎಣ್ಣೆ ಬಿಡಬಾರದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಪಾದಕ್ಕಿಡಿ. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಮಲಗಿಸುವಾಗ ಅಂಗಾತ ಮಲಗಿಸಿ; ಮುಖದ ಮೇಲೆ ಕೌದಿ ಬೀಳದಿರಲಿ. ಐದನೆಯ ದಿನ ಶೆಟಿಗೆವ್ವ ಹಣೆಬರಹ ಬರೆಯುತ್ತಾಳೆಂಬ ನಂಬಿಕೆ ಇರುವವರು ಪೂಜೆ ಮಾಡಲಿ. ಆದರೆ ಅವಳು ಲೇಖನಿ ಎತ್ತುವ ಮೊದಲೇ ಮಗುವಿಗೆ ಕ್ಷಯ, ಪೋಲಿಯೋ, ಕಾಮಾಲೆಗಳ ಮೊದಲ ಲಸಿಕೆ ಆಗಿರಲಿ.

ನೇಕಾರರ ಮನೆಗಳಿಗೆ ಒಂದು ವಿಶೇಷ ಮಾತು. ಮಗ್ಗವಿರುವ ಕೋಣೆಯೇ ಮಲಗುವ ಕೋಣೆಯೂ ಆಗಿರುವ ಮನೆ ನಮ್ಮಲ್ಲಿ ಅಪರೂಪವಲ್ಲ. ಬಣ್ಣ ಅದ್ದುವ ಪಾತ್ರೆ, ರಾಸಾಯನಿಕದ ಪೊಟ್ಟಣಗಳು ತೊಟ್ಟಿಲಿನಿಂದ ದೂರವಿರಲಿ. ಕಂಡಿಕೆ ಸುತ್ತುವುದು "ಕುಳಿತು ಮಾಡುವ ಕೆಲಸ" ಎಂದು ಹದಿನೈದು ದಿನಕ್ಕೇ ಬಾಣಂತಿಯನ್ನು ರಾಟೆಯ ಮುಂದೆ ಕೂರಿಸುವುದುಂಟು. ಉದ್ಯೋಗದಲ್ಲಿರುವ ತಾಯಿಗೆ ಕಾಯಿದೆ 2017ರಿಂದ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿದೆ. ಮನೆಯ ಮಗ್ಗಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ. ಅಲ್ಲಿ ಕಾಯಿದೆಯೂ ನಾವೇ, ಸರಕಾರವೂ ನಾವೇ. ಆದುದರಿಂದ ಆರನೆಯ ತಿಂಗಳಿನಿಂದಲೇ ತಿಂಗಳಿಗಿಷ್ಟು ಎಂದು ಕೂಡಿಟ್ಟು, ಆ ಎರಡು ತಿಂಗಳ ಕೂಲಿಯ ನಷ್ಟವನ್ನು ಮೊದಲೇ ತುಂಬಿಕೊಳ್ಳತಕ್ಕದ್ದು.

ತಂದೆ ಎಲ್ಲಿದ್ದಾನೆ?

ಈ ಎಲ್ಲ ಮಾತಿನಲ್ಲಿ ತಂದೆಯ ಹೆಸರೇ ಬರಲಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ನಮ್ಮ ರೂಢಿಯಲ್ಲೂ ಬರುವುದಿಲ್ಲ. ಏಳನೆಯ ತಿಂಗಳಿಗೆ ಹೆಂಡತಿ ತವರಿಗೆ ಹೋಗುತ್ತಾಳೆ. ಮಗುವಿಗೆ ಮೂರೋ ಐದೋ ತಿಂಗಳಾದಾಗ ಮರಳುತ್ತಾಳೆ. ಈ ನಡುವೆ ತಂದೆ ಹೊಳೆಯ ಈಚೆ ದಡದ ನೆಂಟ. ತೊಟ್ಟಿಲ ದಿನ ಹೊಸ ಅಂಗಿ ತೊಟ್ಟು ಹೋಗಿ, ಹೋಳಿಗೆ ಉಂಡು, ಮಗುವಿನ ಕೈಗೆ ನೋಟು ತುರುಕಿ ಬರುತ್ತಾನೆ. ಮುಂದೆ ಮಗು ಮನೆಗೆ ಬಂದಾಗ ಅದಕ್ಕೆ ಅವನು ಅಪರಿಚಿತ, ಅವನಿಗೆ ಅದು ಅಪರಿಚಿತ. ರಾತ್ರಿ ಅತ್ತರೆ, "ನಿನ್ನ ಮಗು ಅಳುತ್ತಿದೆ" ಎಂದು ಹೆಂಡತಿಯನ್ನು ಎಬ್ಬಿಸುತ್ತಾನೆ.

ಇದು ಅವನ ತಪ್ಪಲ್ಲ. ಅವನಿಗೆ ಯಾರೂ ಜಾಗ ಮಾಡಿಕೊಡಲಿಲ್ಲ. ಮಾಡಿಕೊಡೋಣ. ವಾರಕ್ಕೊಮ್ಮೆ ಅಳಿಯ ಬಂದರೆ ಮನೆಯವರು ಅದನ್ನು ನೆಂಟಸ್ತನವೆಂದು ಎಣಿಸದೆ, ಹೋಳಿಗೆ ಬದಲು ಮಗುವನ್ನು ಅವನ ಕೈಗೆ ಕೊಡಲಿ. ಲಂಗೋಟಿ ಬದಲಿಸುವುದು, ತೇಗು ಬರಿಸುವುದು, ಎದೆಗೊರಗಿಸಿ ಮಲಗಿಸುವುದು ಇವಕ್ಕೆ ಮೊಲೆಹಾಲು ಬೇಕಿಲ್ಲ. ತೂಕ ಕಡಿಮೆಯಿರುವ ಮಗುವನ್ನು ಬರಿಯ ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವ "ಕಾಂಗರೂ" ಪದ್ಧತಿ 1970ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಯಂತ್ರಗಳ ಕೊರತೆಯಿಂದಲೇ ಹುಟ್ಟಿತು. ಇಂದು ಜಗತ್ತೆಲ್ಲ ಒಪ್ಪಿದೆ. ತಾಯಿ ದಣಿದಾಗ ಆ ಎದೆ ತಂದೆಯದೂ ಆಗಬಹುದು. ಹೆಂಡತಿ ತವರಿನಲ್ಲಿರುವ ತಿಂಗಳುಗಳಲ್ಲಿ ಅವನಿಗೆ ಇನ್ನೊಂದು ಕೆಲಸವೂ ಇದೆ: ಅವರು ಮರಳಿ ಬರುವ ಮನೆಯನ್ನು ಅಣಿಮಾಡುವುದು. ಹೊಗೆಯಿಲ್ಲದ ಅಡುಗೆಮನೆ, ಸೊಳ್ಳೆಪರದೆ, ಶುದ್ಧವಾದ ನೀರು, ಮತ್ತು ತನ್ನ ಕೈಯಲ್ಲಿ ಎರಡು ಹೊತ್ತಿನ ಅಡುಗೆ ಮಾಡಲು ಕಲಿಯುವುದು.

ದೂರದ ಊರುಗಳಿಗೆ ಕೂಲಿಗೆ ವಲಸೆ ಹೋಗುವ ಪಾಲಮೂರಿನ ತಂದೆತಾಯಿಗಳಿಗೆ ಈ ಮಾತು ಐಷಾರಾಮವೆನಿಸಬಹುದು. ಅಂಥವರಿಗೆ ಒಂದೇ ಸೂಚನೆ: ಮಗುವಿನ ಲಸಿಕೆಯ ಚೀಟಿಯನ್ನು ಹಾಸಿಗೆಯ ಗಂಟಿನೊಳಗೆ ಮೊದಲು ಇಟ್ಟು, ಆಮೇಲೆ ಪಾತ್ರೆ ಕಟ್ಟಿ. ಆರು, ಹತ್ತು, ಹದಿನಾಲ್ಕು ವಾರಗಳ, ಒಂಬತ್ತು ತಿಂಗಳ ಲಸಿಕೆಗಳನ್ನು ದೇಶದ ಯಾವ ಸರಕಾರಿ ಕೇಂದ್ರದಲ್ಲಾದರೂ ಉಚಿತವಾಗಿ ಹಾಕಿಸಬಹುದು. ಅದಕ್ಕೆ ಗಡಿ ಇಲ್ಲ.

ತಾಯಿಯ ಮನಸ್ಸು

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿ ತಾಯಂದಿರಲ್ಲಿ ಸಹಜ. ಎರಡು ವಾರದೊಳಗೆ ತಾನೇ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ನಿದ್ದೆಯಿಲ್ಲದೆ, ಹಸಿವಿಲ್ಲದೆ, ಮಗುವಿನ ಮುಖ ನೋಡಲೂ ಮನಸ್ಸಿಲ್ಲದೆ, "ನಾನು ಇರಬಾರದಿತ್ತು" ಎನ್ನುವ ಮಾತು ಬಂದರೆ ಅದು ಕಾಯಿಲೆ. ಗಾಳಿಯಲ್ಲ, ಸೋಂಕಲ್ಲ, ಸೊಕ್ಕಲ್ಲ. ಮಂತ್ರಿಸಿದ ದಾರಕ್ಕಿಂತ ಮೊದಲು ವೈದ್ಯರು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ "ಟೆಲಿ ಮಾನಸ್" ಸೇವೆಗೆ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು, ಹಣವಿಲ್ಲ.

ಹೆಣ್ಣು ಹುಟ್ಟಿತೆಂದು ಮೌನವಾದ ಮನೆಯಲ್ಲಿ ಈ ಕಾಯಿಲೆ ಬೇಗ ಬೇರೂರುತ್ತದೆ. ಬಾಣಂತಿಯ ಕೋಣೆಗೆ ಬಂದು "ಮುಂದಿನ ಸಲ ಗಂಡಾಗಲಿ" ಎನ್ನುವವರನ್ನು ಹೊಸ್ತಿಲಿನಲ್ಲೇ ತಡೆಯುವುದು ಹಿರಿಯರ ಕರ್ತವ್ಯ. ಆ "ಮುಂದಿನ ಸಲ"ಕ್ಕೂ ಒಂದು ಗಡುವಿದೆ: ಹೆರಿಗೆಯಾದ ಮೇಲೆ ಮತ್ತೆ ಬಸುರಾಗಲು ಎರಡು ವರ್ಷವಾದರೂ ಕಳೆಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಮಾತನ್ನು ಗಂಡಹೆಂಡಿರು ಮನೆಗೆ ಮರಳುವ ಮೊದಲೇ ಆಡಿಕೊಳ್ಳಬೇಕು.

ಮೈಯ ಅಪಾಯದ ಲಕ್ಷಣಗಳೂ ಮನೆಮಂದಿಗೆಲ್ಲ ಗೊತ್ತಿರಲಿ. ತಾಯಿಗೆ ಧಾರಾಳ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತಡೆಯಲಾರದ ತಲೆನೋವು, ಕಣ್ಣುಮಂಜು, ಸೆಳೆತ. ಮಗು ಹಾಲು ಕುಡಿಯದಿರುವುದು, ತಣ್ಣಗಾಗುವುದು, ಏದುಸಿರು, ಅಂಗಾಲಿನವರೆಗೂ ಹಳದಿ. ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ನೋಡುವ ಕ್ರಮವಿದೆ. ಆದರೆ ಅತ್ತೆಮನೆಯ ಊರಿನ ಪಟ್ಟಿಯಲ್ಲಿ ಹೆಸರಿರುವ ಬಾಣಂತಿ ತವರಿನಲ್ಲಿದ್ದಾಳೆಂದು ತವರೂರಿನ ಕಾರ್ಯಕರ್ತೆಗೆ ತಿಳಿಯುವುದು ಹೇಗೆ? ಹೋಗಿ ಹೇಳಬೇಕಾದವರು ನಾವು. ಅಂಗನವಾಡಿಗೂ ಅಷ್ಟೆ.

ಹುಟ್ಟಿನ ಕಾಗದ

ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ಜನನದ ನೋಂದಣಿ, ತಂದೆಯ ಊರಿನಲ್ಲಲ್ಲ. 1969ರ ಕಾಯಿದೆಯಂತೆ 21 ದಿನದೊಳಗಾದರೆ ಶುಲ್ಕವಿಲ್ಲ. ನಾಮಕರಣವಾಗಿಲ್ಲವೆಂದು ಕಾಯಬೇಕಿಲ್ಲ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಅನೇಕ ಕಾರ್ಯಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಇದೊಂದೇ ಕಾಗದ. ರಾಯಚೂರಿನಲ್ಲಿ ಹುಟ್ಟಿ ನಾರಾಯಣಪೇಟೆಯಲ್ಲಿ ಬೆಳೆಯುವ ಮಗುವಿಗೆ ಈ ಕಾಗದದ ಅಕ್ಷರ ಅಕ್ಷರವೂ ಮುಖ್ಯ. ತಂದೆತಾಯಿಯರ ಹೆಸರು ಆಧಾರ್ ಚೀಟಿಯಲ್ಲಿದ್ದಂತೆಯೇ ಇಂಗ್ಲಿಷಿನಲ್ಲಿ ಇದೆಯೇ ಎಂದು ತವರು ಬಿಡುವ ಮೊದಲೇ ನೋಡಿಕೊಳ್ಳಿ. ಒಂದು ಅಕ್ಷರ ತಿದ್ದಿಸಲು ಮುಂದೆ ಹೊಳೆ ದಾಟಿ ಎಷ್ಟು ಸಲ ಬರಬೇಕಾದೀತೋ!

ತೊಟ್ಟಿಲ ಭಾಷೆ

ಕೊನೆಯದಾಗಿ, ಈ ಪತ್ರಿಕೆಯ ಓದುಗರ ಮನಸ್ಸಿಗೆ ಹತ್ತಿರವಾದ ಮಾತು. ಮಗುವಿನೊಡನೆ ಯಾವ ಭಾಷೆ ಆಡಬೇಕು? ಮುಂದೆ ಓದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಆಗುವುದರಿಂದ, ತೊಟ್ಟಿಲಿನಿಂದಲೇ ಅದನ್ನೇ ಕಲಿಸಿದರೆ ಸುಲಭವೆಂದು ಹಲವು ಎಳೆಯ ತಾಯಂದಿರು ಎಣಿಸುತ್ತಾರೆ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾದೀತೆಂಬ ಅಂಜಿಕೆಯೂ ಇದೆ.

ಅಂಜಿಕೆ ಬೇಡ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆಂದು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು 1980ರಲ್ಲಿ ತೋರಿಸಿದರು. ಬಸಿರಿನಲ್ಲಿ ಎರಡು ಭಾಷೆ ಕೇಳಿದ ಶಿಶುಗಳು ಹುಟ್ಟಿದೊಡನೆ ಎರಡಕ್ಕೂ ಕಿವಿಗೊಡುತ್ತವೆ, ಎರಡನ್ನೂ ಬೇರ್ಪಡಿಸಿ ಗುರುತಿಸುತ್ತವೆ ಎಂದು 2010ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದರು. ಮಕ್ತಲ್‌ನ ಮನೆಯಲ್ಲಿ ಅಮ್ಮ ಕನ್ನಡ, ಪಕ್ಕದ ಮನೆ ತೆಲುಗು, ಸಂತೆಯಲ್ಲಿ ಒಂದಿಷ್ಟು ದಖ್ಖನಿ ಕೇಳಿ ಬೆಳೆದ ಮಕ್ಕಳು ಎಂದಾದರೂ ಗೊಂದಲಗೊಂಡರೆ? ನಮ್ಮಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲ ಅಜ್ಜಿಯರೇ ಇದಕ್ಕೆ ಸಾಕ್ಷಿ. ಗದ್ವಾಲದ ಸೀರೆಯನ್ನು ನೋಡಿ: ಮೈ ಹತ್ತಿ, ಅಂಚು ರೇಷ್ಮೆ, ನೇಯುವಾಗಲೇ ಎಳೆಗೆ ಎಳೆ ಕೂಡಿಸಿ ಬೆಸೆಯುತ್ತಾರೆ. ಒಂದರಿಂದ ಇನ್ನೊಂದಕ್ಕೆ ಕುಂದಿಲ್ಲ. ಆದರೆ ನೇಯ್ದು ಮುಗಿದ ಮೇಲೆ ಅಂಚು ಸೇರಿಸಲು ಹೊರಟರೆ ಅದು ತೇಪೆಯಾಗುತ್ತದೆ. ಮನೆಮಾತೂ ಹಾಗೆಯೇ. ತೊಟ್ಟಿಲಿನಲ್ಲಿ ಕನ್ನಡದ ಜೋಗುಳ ಕೇಳಿದ ಮಗು ಶಾಲೆಯಲ್ಲಿ ತೆಲುಗನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. ತೊಟ್ಟಿಲಿನಲ್ಲಿ ಕೇಳದಿದ್ದ ಕನ್ನಡವನ್ನು ನಮ್ಮ ಕಡೆ ಕಲಿಸಲು ಬೇರೆ ಶಾಲೆ ಸಿಗುವುದು ಕಷ್ಟ.

ತಂದೆತಾಯಿಗಳಾಗುವುದೆಂದರೆ ಎಲ್ಲವನ್ನೂ ಬಲ್ಲವರಾಗುವುದಲ್ಲ. ರಾತ್ರಿಯ ನಿದ್ದೆ ಕೆಡುವುದು, ಒಬ್ಬರಿಗೊಬ್ಬರು ಸಿಡುಕುವುದು, "ಈ ಮಗು ಏಕೆ ಅಳುತ್ತಿದೆ" ಎಂದು ತಿಳಿಯದೆ ಇಬ್ಬರೂ ಮುಖ ಮುಖ ನೋಡುವುದು, ಇವೆಲ್ಲ ಎಲ್ಲ ಮನೆಗಳಲ್ಲೂ ಆಗುವುದೇ. ಆರು ವಾರದ ಹೊತ್ತಿಗೆ ಅಳು ಏರಿ, ಮೂರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಬೇಕಾದುದು ತಾಳ್ಮೆ, ಸರದಿಯ ನಿದ್ದೆ, ಮತ್ತು ಸಹಾಯ ಕೇಳುವ ಧೈರ್ಯ.

ನಿಮ್ಮ ಮನೆಯಲ್ಲಿ ಈ ವರ್ಷ ತೊಟ್ಟಿಲು ಕಟ್ಟುವವರಿದ್ದರೆ, ಈ ಪುಟವನ್ನು ಹೊಳೆಯ ಆಚೆಯ ಬೀಗರ ಮನೆಗೂ ತಲುಪಿಸಿರಿ. ಎರಡೂ ಮನೆಯವರು ಒಮ್ಮೆ ಕುಳಿತು ನಾಲ್ಕು ಮಾತು ಗೊತ್ತುಮಾಡಿಕೊಳ್ಳಲಿ: ಆಸ್ಪತ್ರೆ ಯಾವುದು, ವಾಹನ ಯಾವುದು, ರಕ್ತ ಬೇಕಾದರೆ ಕೊಡುವವರು ಯಾರು, ಚೀಟಿ ಎಲ್ಲಿದೆ. ಕುಬುಸದ ಸೀರೆಯ ಬಣ್ಣ ಆಮೇಲೆ ನೋಡೋಣ.